ಗೇಮಿಗೆ ಪಿಯಾನೋ ಹಾಕಿದೆ, ಊರೇ ಕಾಣೆಯಾಯಿತು. ಸಂಗೀತ ಎಲ್ಲಿ ಇರಬೇಕು?

ಹಿನ್ನೀರ_ಹುಡುಗ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ನವನಗರದವನು, ಹಿನ್ನೀರಿಗೆ ಮನೆ ಹೋದವರಿಗಾಗಿ ಕಟ್ಟಿದ ಹೊಸ ಬಾಗಲಕೋಟೆ. ಎಂಟು ತಿಂಗಳಿಂದ ಒಂದು ಸಣ್ಣ ಗೇಮ್ ಮಾಡುತ್ತಿದ್ದೇನೆ, ಒಬ್ಬನೇ, ಕೆಲಸ ಮುಗಿಸಿ ಬಂದು ರಾತ್ರಿ ಕೂತು, ಗೇಮ್ ಕಟ್ಟುವ ಗೋಡೋ ಎಂಜಿನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಕತೆ ಸರಳ. ಅಣೆಕಟ್ಟಿನ ಹಿನ್ನೀರಿಗೆ ಮುಳುಗಿದ ಒಂದು ಊರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆ ಗೋಡೆಗಳು ಮೇಲೆ ಬರುತ್ತವೆ. ಒಬ್ಬ ಹುಡುಗ ಅಜ್ಜಿಯ ಮನೆ ಹುಡುಕುತ್ತಾ ಆ ಓಣಿಗಳಲ್ಲಿ ನಡೆಯುತ್ತಾನೆ. ಹೊಡೆದಾಟ ಇಲ್ಲ, ಬಂದೂಕು ಇಲ್ಲ. ನಡೆಯುವುದು, ಹುಡುಕುವುದು, ಅಷ್ಟೇ. 40 ನಿಮಿಷದ ಆಟ. ಎರಡು ಚಿತ್ರ ಜೊತೆಗೆ ಹಾಕಿದ್ದೇನೆ. ಊರಿಗೆ ಹೆಸರು ಇಟ್ಟಿಲ್ಲ, ಆದರೆ ನಮ್ಮ ಕಡೆಯವರಿಗೆ ಹೇಳುವುದೇ ಬೇಡ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.6 ಮೀಟರಿಗೆ ನಿಂತರೆ ಇಲ್ಲಿ ಎಲ್ಲಿಯವರೆಗೆ ಬರುತ್ತದೆ ಅನ್ನುವುದು ಹಳೆ ಬಾಗಲಕೋಟೆಯವರಿಗೆ ಮನೆಮಾತು. ನಮ್ಮ ಅಜ್ಜಿಯ ಮನೆಯೂ ಹಾಗೆ ಹೋದದ್ದೇ.

ಈಗ ಸಮಸ್ಯೆ. ಗೇಮಿಗೆ ಒಂದು ನಿಧಾನದ ಪಿಯಾನೋ ಹಾಕಿದ್ದೆ, ಹಿಂದೆ ಸ್ವಲ್ಪ ವಯಲಿನ್. ಉಚಿತವಾಗಿ ಸಿಗುವ ಸಂಗ್ರಹದಿಂದ ತೆಗೆದದ್ದು. ಎರಡು ನಿಮಿಷದ್ದು, ಮುಗಿದ ಕೂಡಲೇ ಮತ್ತೆ ಶುರುವಾಗುತ್ತದೆ. ಮೊದಲಿಂದ ಕೊನೆಯವರೆಗೆ ಅದೇ. ಐದು ಜನ ಗೆಳೆಯರಿಗೆ ಆಡಲು ಕೊಟ್ಟೆ. ಹತ್ತು ನಿಮಿಷದೊಳಗೆ ಮೂವರು ಸೌಂಡ್ ಬಂದ್ ಮಾಡಿದರು. ಒಬ್ಬ ಪೂರ್ತಿ ಆಡಿ, "ಚೆನ್ನಾಗಿದೆ, ಆದರೆ ಇದು ಯಾವ ದೇಶದ ಯಾವ ಊರಾದರೂ ಆಗಬಹುದಿತ್ತು" ಅಂದ. ಆ ಮಾತು ನನಗೆ ನಾಟಿತು. ಅವತ್ತು ರಾತ್ರಿ ಸಂಗೀತ ಪೂರ್ತಿ ತೆಗೆದು ನೋಡಿದೆ. ಆಗ ಟಿವಿಯನ್ನು ಮ್ಯೂಟ್ ಮಾಡಿ ನೋಡಿದ ಹಾಗೆ ಆಯಿತು. ಗೋಡೆ ಇದೆ, ನೀರು ಇದೆ, ಜೀವ ಇಲ್ಲ.

ಇನ್ನೊಂದು ವಿಷಯ ತಲೆ ತಿನ್ನುತ್ತಿದೆ. ಚಿಕ್ಕವನಿದ್ದಾಗ ನೆಟ್ ಸೆಂಟರಿನಲ್ಲಿ ಪ್ರಾಜೆಕ್ಟ್ ಐಜಿಐ ಆಡುತ್ತಿದ್ದೆವು, 2000ದಲ್ಲಿ ಬಂದ ಗೇಮ್ ಅದು. ಅದರ ಸಂಗೀತ ನೆನಪಿಗೆ ಬರುವುದೇ ಇಲ್ಲ. ಆದರೆ ಶತ್ರುಗಳಿಗೆ ನಾವು ಸಿಕ್ಕಿಬಿದ್ದಾಗ ಅಲಾರಂ ಹೊಡೆಯುವ ಸದ್ದು ಈಗಲೂ ಕಿವಿಯಲ್ಲಿದೆ. ಅದು ಕೇಳಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು. ಒಂದು ಹಾಡೂ ಇಲ್ಲದೆ ಅಷ್ಟು ಭಯ ಹೇಗೆ ಬಂತು? 1986ರ ಒಂದು ಊರಿನಲ್ಲಿ ನಡೆಯುವ ವೈಸ್ ಸಿಟಿ ಗೇಮಿನಲ್ಲಿ ಉಲ್ಟಾ. ಅಲ್ಲಿ ಕಾರು ಹತ್ತಿದರೆ ರೇಡಿಯೋ, ಇಳಿದರೆ ರೇಡಿಯೋ ಇಲ್ಲ, ಬರೀ ಬೀದಿ. ಆ ಊರು ನಾನು ನೋಡಿಲ್ಲ, 1986 ನಾನು ನೋಡಿಲ್ಲ, ಆದರೂ ಅಲ್ಲಿ ಇದ್ದು ಬಂದ ಹಾಗೆ ಅನಿಸುತ್ತದೆ.

ಹಾಗಾದರೆ ನನ್ನ ಗೇಮಿಗೆ ಏನು ಬೇಕು? ಬೇರೆ ಸಂಗೀತವೋ, ಕಡಿಮೆ ಸಂಗೀತವೋ, ಅಥವಾ ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇನೋ? ಸಂಗೀತ ಮಾಡಿಸಲು ದುಡ್ಡಿಲ್ಲ. ಮೊಬೈಲ್ ಇದೆ, ಒಂದು ಹಳೆ ಹೆಡ್‌ಫೋನ್ ಇದೆ, ಟೈಮ್ ಇದೆ.

ಗುಮ್ಮಟದ_ಕೆಳಗೆ, ವಿಜಯಪುರ

ತಮ್ಮಾ, ನಾನು ಸೌಂಡ್ ಸಿಸ್ಟಮ್ ಕೆಲಸದವನು. ಮದುವೆ, ನಾಟಕ, ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆ, ಎಲ್ಲ ಕಡೆ ಸ್ಪೀಕರ್ ಕಟ್ಟಿದ್ದೇನೆ. ಗೇಮ್ ಆಡುವುದು ರಾತ್ರಿ ಮಾತ್ರ. ನನ್ನ ಮಾತು ಇಷ್ಟೇ. ನೀನು ಹಾಡು ಹುಡುಕುತ್ತಿದ್ದೀಯ, ಮೊದಲು ಗೋಡೆ ಹುಡುಕು.

ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಶಾಲೆಯಿಂದ ನೀನೂ ಬಂದಿರುತ್ತೀಯ. 1656ರಲ್ಲಿ ಮುಗಿದ ಕಟ್ಟಡ, ಒಳಗೆ ಗುಮ್ಮಟ ಸುಮಾರು 38 ಮೀಟರ್ ಅಗಲ. ಈ ಕಡೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಆ ಕಡೆಗೆ 38 ಮೀಟರ್ ಹೋಗಿ, ಮತ್ತೆ 38 ಮೀಟರ್ ವಾಪಸ್ ಬರಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಲೆಕ್ಕ ಹಾಕು, ಸೆಕೆಂಡಿನ ಐದನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಕಿವಿಗೆ ಅದು ಬೇರೆಯೇ ಚಪ್ಪಾಳೆ ಅಂತ ಗೊತ್ತಾಗಲು ಅಷ್ಟು ಸಾಕು. ಅದೇ ನಿನ್ನ ಅಡುಗೆಮನೆಯಲ್ಲಿ ಗೋಡೆ ಮೂರು ಮೀಟರ್ ದೂರ. ಹೋದ ಸದ್ದು ಬಂದದ್ದೇ ಗೊತ್ತಾಗದೆ ಮೂಲ ಸದ್ದಿನೊಳಗೆ ಸೇರಿಬಿಡುತ್ತದೆ, ಬರೀ ಒಂದು ತುಂಬಿದ ಹಾಗಿನ ಅನುಭವ ಉಳಿಯುತ್ತದೆ. ಹೊಲದ ನಡುವೆ ನಿಂತರೆ ಸದ್ದು ಹೋದದ್ದು ಹೋಯಿತು. ಕಣ್ಣು ಮುಚ್ಚಿಕೊಂಡೇ ನಾವು ಎಲ್ಲಿದ್ದೇವೆ ಅಂತ ಹೇಳಬಲ್ಲೆವು ಅಲ್ವಾ, ಅದು ಇದರಿಂದಲೇ.

ಈಗ ನಿನ್ನ ಊರಿಗೆ ಬಾ. ಅಲ್ಲಿ ಗೋಡೆ ಇದೆ, ಮಾಳಿಗೆ ಇಲ್ಲ, ಅಂದರೆ ಮೇಲೆ ಸೂರು ಇಲ್ಲ. ಹೆಜ್ಜೆ ಸದ್ದು ಅಕ್ಕಪಕ್ಕದ ಗೋಡೆಗೆ ಒಮ್ಮೆ ಬಡಿದು ಮೇಲೆ ಹೋಗಿಬಿಡಬೇಕು. ಗುಂಯ್ ಅಂತ ಉಳಿಯಬಾರದು. ಹುಡುಗ ಓಣಿಯಿಂದ ಬಯಲಿಗೆ ಬಂದ ಕೂಡಲೇ ಅಷ್ಟೂ ಇಲ್ಲ. ಗೋಡೋದಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಆಡಿಯೋ ಬಸ್, ಅಂದರೆ ಸದ್ದು ಹಾದುಹೋಗುವ ಬೇರೆ ದಾರಿ, ಕೊಟ್ಟು, ಆ ದಾರಿಗೆ ಬೇರೆ ಬೇರೆ ರಿವರ್ಬ್, ಅಂದರೆ ಗೋಡೆಗೆ ಬಡಿದು ಬರುವ ಸದ್ದಿನ ಅನುಭವ, ಹಾಕಬಹುದು. ಕೊನೆಗೆ ಅಜ್ಜಿಯ ಮನೆಯೊಳಗೆ ಕಾಲಿಟ್ಟಾಗ, ಕಣ್ಣಿಗೆ ಆಕಾಶವೇ ಕಾಣುತ್ತಿದ್ದರೂ, ಹೆಜ್ಜೆಗೆ ಮಾಳಿಗೆ ಇರುವ ಮನೆಯ ಸದ್ದು ಕೊಡು. ಸಣ್ಣ ಕೋಣೆ, ಮಣ್ಣಿನ ಗೋಡೆ, ಮೆತ್ತಗಿನ ಸದ್ದು. ಕಣ್ಣಿಗೆ ಸೂರು ಇಲ್ಲ, ಕಿವಿಗೆ ಸೂರು ಇದೆ. ಯಾರೂ ಅದನ್ನು ಗುರುತಿಸಿ ಹೇಳಲಿಕ್ಕಿಲ್ಲ, ಆದರೆ ಎಲ್ಲರಿಗೂ ಏನೋ ಆಗುತ್ತದೆ.

ರೆಕಾರ್ಡಿಂಗ್ ಮೊಬೈಲಿನಲ್ಲೇ ಮಾಡು, ಅಡ್ಡಿ ಇಲ್ಲ. ಹೊರಗೆ ಗಾಳಿ ಮೈಕಿಗೆ ಬಡಿದು ಬುರ್ ಅನ್ನುತ್ತದೆ, ಅದಕ್ಕೆ ಸ್ಪಂಜು ಕಟ್ಟು, ಇಲ್ಲದಿದ್ದರೆ ಮೈಯನ್ನೇ ಅಡ್ಡ ಇಟ್ಟು ನಿಲ್ಲು. ಒಂದೊಂದು ಸದ್ದನ್ನೂ ಕಡಿಮೆ ಅಂದರೆ ಎರಡು ನಿಮಿಷ ಹಿಡಿ. ಇನ್ನೊಂದು ಉಪಾಯ. ನೀರಿನ ಸದ್ದು 47 ಸೆಕೆಂಡಿನದು ಮಾಡು, ಗಾಳಿಯದು 71 ಸೆಕೆಂಡಿನದು. ಎರಡೂ ತಮ್ಮಷ್ಟಕ್ಕೆ ಸುತ್ತುತ್ತಿರಲಿ. ಎರಡೂ ಮತ್ತೆ ಒಟ್ಟಿಗೆ ಶುರುವಾಗಲು 55 ನಿಮಿಷ ಬೇಕು. ನಿನ್ನ ಗೇಮೇ 40 ನಿಮಿಷದ್ದು. ಅದೇ ಸದ್ದು ಮತ್ತೆ ಬಂತು ಅಂತ ಯಾರಿಗೂ ಅನಿಸುವುದಿಲ್ಲ.

ಲಾಳಿ_ವಡಗಾವಿ, ಬೆಳಗಾವಿ

ಅಣ್ಣ ಹೇಳಿದ್ದು ಸರಿ. ನಾನು ಗೇಮ್ ಆಡಿಯೋದಲ್ಲೇ ಕೆಲಸ ಮಾಡುತ್ತೇನೆ, ಮನೆಯಿಂದ. ನಾನು ಸುಮ್ಮನಿರುವುದರ ಬಗ್ಗೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಪವರ್‌ಲೂಮ್ ಇರುವ ಓಣಿಯಲ್ಲಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಗ್ಗದ ಸದ್ದು. ಹೊಸಬರು ಬಂದರೆ ಮಾತಾಡಲು ಆಗುವುದಿಲ್ಲ ಅನ್ನುತ್ತಿದ್ದರು, ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ಕೇಳಿಸುತ್ತಿದ್ದದ್ದು ಕರೆಂಟ್ ಹೋದಾಗ. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಲ್ಲುತ್ತಿದ್ದವು. ಆ ಕ್ಷಣಕ್ಕೆ ದೂರದಲ್ಲಿ ಯಾರದೋ ಮಗು ಅಳುವುದು, ನಲ್ಲಿ ಹನಿಯುವುದು, ಪಕ್ಕದ ಮನೆಯ ಅಜ್ಜ ಕೆಮ್ಮುವುದು ಎಲ್ಲ ಬಂದು ಮುಟ್ಟುತ್ತಿತ್ತು. ಅಪ್ಪ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಅವರ ಮುಖದ ಮೇಲೆ ಅವತ್ತಿನ ಕೂಲಿಯ ಚಿಂತೆ. ಸದ್ದು ನಿಲ್ಲುವುದು ಕೂಡ ಒಂದು ಘಟನೆ ಅಂತ ನಾನು ಕಲಿತದ್ದು ಅಲ್ಲಿ.

ನೀನು ಸಂಗೀತ ತೆಗೆದಾಗ ಜೀವ ಹೋದದ್ದು ಯಾಕೆ ಗೊತ್ತಾ? ಅದು ಮೌನ ಅಲ್ಲ, ಖಾಲಿ. ಮೌನ ಅಂದರೆ ಒಂದು ಸದ್ದು ಇದ್ದು, ನಿಂತು, ಅದರ ಕೆಳಗಿನ ಸಣ್ಣ ಸದ್ದುಗಳು ಮೇಲೆ ಬರುವುದು. ಶ್ಯಾಡೋ ಆಫ್ ದಿ ಕೊಲೊಸಸ್ ಆಡು, 2005ರದ್ದು. ಅಲ್ಲಿ ಕುದುರೆ ಮೇಲೆ ಕೂತು ದೊಡ್ಡ ಬಯಲು ದಾಟಬೇಕು. ಆಗ ಸಂಗೀತವೇ ಇಲ್ಲ. ಗೊರಸಿನ ಸದ್ದು, ಗಾಳಿ, ಅಷ್ಟೇ. ದೈತ್ಯ ಎದುರಾದಾಗ ಮಾತ್ರ ವಾದ್ಯವೃಂದ ಏಳುತ್ತದೆ. ಅಷ್ಟು ಹೊತ್ತು ಖಾಲಿ ಬಯಲಲ್ಲಿ ನಡೆದು ಬಂದದ್ದಕ್ಕೇ ಆ ಸಂಗೀತಕ್ಕೆ ಅಷ್ಟು ತೂಕ. ಮೈನ್‌ಕ್ರಾಫ್ಟ್‌ನಲ್ಲೂ ಹಾಗೇ. ಎಷ್ಟೋ ನಿಮಿಷ ಏನೂ ಇಲ್ಲ, ಮಣ್ಣು ಅಗೆಯುತ್ತಾ ಇರುತ್ತೀಯ, ಎಲ್ಲಿಂದಲೋ ನಾಲ್ಕು ಸ್ವರ ಬಂದು ಹೋಗುತ್ತವೆ. ಹತ್ತು ವರ್ಷ ಬಿಟ್ಟು ಅದನ್ನು ಕೇಳಿದವರಿಗೆ ಕಣ್ಣು ತುಂಬುತ್ತದೆ.

ನಿನ್ನ ಐಜಿಐ ಪ್ರಶ್ನೆಗೆ ಬರುತ್ತೇನೆ, ಅದು ತುಂಬಾ ಒಳ್ಳೆ ಪ್ರಶ್ನೆ. ಆ ಗೇಮಿನಲ್ಲಿ ಮಿಷನ್ ನಡುವೆ ಸೇವ್ ಮಾಡಲು ಆಗುತ್ತಿರಲಿಲ್ಲ. ಸತ್ತರೆ ಮತ್ತೆ ಮೊದಲಿಂದ. ಅಲಾರಂ ಹೊಡೆಯಿತು ಅಂದರೆ ಅರ್ಧ ಗಂಟೆಯ ಕಷ್ಟ ನೀರಿಗೆ ಹೋಗುವ ಸಂಭವ ಇದೆ ಅಂತ ಅರ್ಥ. ಭಯ ಇದ್ದದ್ದು ಆ ಅರ್ಥದಲ್ಲಿ, ಸದ್ದು ಅದನ್ನು ಹೊತ್ತು ತಂದಿತು. ರೆಸಿಡೆಂಟ್ ಈವಿಲ್ ಅನ್ನುವ ಜೊಂಬಿಗಳ ಗೇಮಿನಲ್ಲಿ ಇದರ ಉಲ್ಟಾ ಇದೆ. ಸೇವ್ ಮಾಡುವ ಕೋಣೆಗೆ ಹೋದರೆ ಒಂದು ಮೆಲ್ಲಗಿನ ಸಂಗೀತ, ಇಲ್ಲಿ ಯಾರೂ ಬಂದು ಕಚ್ಚುವುದಿಲ್ಲ ಅಂತ. ಆಡುವವರ ಭುಜ ತಾನಾಗಿಯೇ ಇಳಿಯುತ್ತದೆ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಇದ್ದದ್ದು ಕೆಳಗಿಳಿಯುವ ನಾಲ್ಕೇ ಸ್ವರ, ಅದೂ ಬರೀ ದಬ್ ದಬ್ ಅನ್ನುವ ಸದ್ದು. ಶತ್ರುಗಳು ಕಡಿಮೆಯಾದಷ್ಟೂ ಅವು ವೇಗವಾಗಿ ಬರುತ್ತವೆ, ಸ್ವರಗಳೂ ವೇಗವಾಗುತ್ತವೆ, ಜೊತೆಗೆ ಆಡುವವನ ಎದೆ ಬಡಿತವೂ. ನಾಲ್ಕು ಸ್ವರಕ್ಕೆ ಇಷ್ಟು ಶಕ್ತಿ ಬಂದದ್ದು ಅವು ಆಟದ ಜೊತೆ ಕಟ್ಟಿಕೊಂಡಿದ್ದರಿಂದ.

ನಿನ್ನ ಪಿಯಾನೋ ಯಾವುದಕ್ಕೂ ಕಟ್ಟಿಕೊಂಡಿಲ್ಲ, ಅದೇ ತೊಂದರೆ. ಹುಡುಗ ನಿಂತರೂ ಅದೇ, ನಡೆದರೂ ಅದೇ, ಮನೆ ಸಿಕ್ಕರೂ ಅದೇ.

ಪೇಟಿ_ಮಾಸ್ತರ, ಗೋಕಾಕ ಕಡೆ

ನನ್ನ ಮಗಳು ಇದನ್ನು ಓದಿ ತೋರಿಸಿದಳು. ನಾನು ಗೇಮ್ ಆಡುವವನಲ್ಲ. ಮೂವತ್ತು ವರ್ಷ ಶ್ರೀಕೃಷ್ಣ ಪಾರಿಜಾತ ಅನ್ನುವ ನಮ್ಮ ಕಡೆಯ ಜನಪದ ನಾಟಕದ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದ್ದೇನೆ. ಆದರೆ ವಡಗಾವಿಯ ತಂಗಿ ಹೇಳಿದ್ದು ಓದಿ, ಇದು ನಮ್ಮದೇ ಕೆಲಸ ಅಲ್ಲವೇ ಅನಿಸಿತು. ಅದಕ್ಕೆ ಬರೆಸುತ್ತಿದ್ದೇನೆ.

ನಮ್ಮ ಆಟ ರಾತ್ರಿ ಪೂರ್ತಿ. ಪಾತ್ರ ಯಾವಾಗ ಬರುತ್ತದೆ ಅಂತ ಗಡಿಯಾರ ಹೇಳುವುದಿಲ್ಲ. ದೂತಿ ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾಳೆ, ಅಥವಾ ಸೀರೆಯ ಸೆರಗು ಸಿಕ್ಕಿಕೊಂಡಿರುತ್ತದೆ. ಆಗ ನಾನು ಒಂದೇ ಸಾಲನ್ನು ಹಿಡಿದು ತಿರುಗಿಸುತ್ತಾ ಕೂರಬೇಕು. ತಬಲಾದವನು ಸುಮ್ನೆ ಠೇಕಾ ಹಿಡಿದಿರುತ್ತಾನೆ, ತಾಳ ಮೆಲ್ಲಗೆ. ಕಣ್ಣು ಮಾತ್ರ ಪಾತ್ರ ಬರುವ ಕಡೆ. ಅವಳು ಕಾಲಿಟ್ಟಳು ಅಂದ ಕೂಡಲೇ ನಾನು ತಬಲಾದವನ ಮುಖ ನೋಡುತ್ತೇನೆ, ಅವನು ಒಂದು ತಿಹಾಯಿ, ಅಂದರೆ ಒಂದೇ ತುಂಡನ್ನು ಮೂರು ಸಲ, ಹೊಡೆದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಬೀಳುತ್ತಾನೆ, ಪದ ಎತ್ತಿಕೊಳ್ಳುತ್ತೇವೆ. ನೋಡುವವರಿಗೆ ಎಲ್ಲ ಮೊದಲೇ ಅಳೆದು ಇಟ್ಟ ಹಾಗೆ ಕಾಣುತ್ತದೆ. ನಿಜವಾಗಿ ನಾವು ಕಾಯುತ್ತಿದ್ದೆವು. ಪಾತ್ರ ಅಳುವಾಗ ಅವಳ ಉಸಿರು ಎಷ್ಟು ಉದ್ದ ಹೋಗುತ್ತದೋ ಅಷ್ಟು ಹೊತ್ತು ನನ್ನ ಸ್ವರ ನಿಲ್ಲಬೇಕು, ಒಂದು ಕ್ಷಣ ಮೊದಲು ಬಿಟ್ಟರೆ ಆ ಅಳು ಸುಳ್ಳಾಗುತ್ತದೆ, ಒಂದು ಕ್ಷಣ ಜಾಸ್ತಿ ಹಿಡಿದರೆ ಜನ ನನ್ನ ಕಡೆ ನೋಡುತ್ತಾರೆ, ಅವಳನ್ನು ಬಿಡುತ್ತಾರೆ.

ತಮ್ಮನ ಗೇಮಿನಲ್ಲಿ ಪಾತ್ರ ಆ ಹುಡುಗ. ಮೇಳ ಅವನಿಗಾಗಿ ಕಾಯಬೇಕು. ಈಗ ಅವನು ಮೇಳದ ಹಿಂದೆ ಓಡುತ್ತಿದ್ದಾನೆ.

ಇನ್ನೊಂದು ಮಾತು. ಊರಿನ ಸೊಗಡು ಬರಲಿ ಅಂತ ಸಿಕ್ಕ ವಾದ್ಯವನ್ನೆಲ್ಲ ಹಾಕಬೇಡ ತಮ್ಮಾ. ಚೌಡಿಕೆ ಅನ್ನುವ ತಂತಿ ವಾದ್ಯ ಸವದತ್ತಿ ಎಲ್ಲಮ್ಮನದು, ಅದು ಕೇಳಿದರೆ ನಮ್ಮ ಜನಕ್ಕೆ ಗುಡ್ಡ, ಭಂಡಾರ, ಹರಕೆ ನೆನಪಾಗುತ್ತದೆ. ಕರಡಿ ಅನ್ನುವ ಚರ್ಮವಾದ್ಯದ ಕರಡಿ ಮಜಲು ಮೆರವಣಿಗೆಯದು, ಅದು ಕೇಳಿದರೆ ಮುಂದೆ ಜನ ಇರಲೇಬೇಕು. ಖಾಲಿ ಓಣಿಯಲ್ಲಿ ಕರಡಿ ಬಾರಿಸಿದರೆ ಅರ್ಥ ಬೇರೆಯೇ ಆಗುತ್ತದೆ. ಆ ಅರ್ಥ ನಿನಗೆ ಬೇಕಿದ್ದರೆ ಹಾಕು, ಅಂದಕ್ಕೆ ಹಾಕಬೇಡ.

ಲಾಳಿ_ವಡಗಾವಿ, ಬೆಳಗಾವಿ

ಮಾಸ್ತರ್ರೇ, ನಿಮಗೆ ಕೈ ಮುಗಿದೆ. ನೀವು ಹೇಳಿದ್ದನ್ನೇ ಕಂಪ್ಯೂಟರಿಗೆ ಕಲಿಸಲು 1991ರಲ್ಲಿ ಲ್ಯೂಕಾಸ್‌ಆರ್ಟ್ಸ್ ಅನ್ನುವ ಗೇಮ್ ಕಂಪನಿಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಐಮ್ಯೂಸ್ ಅನ್ನುವ ವ್ಯವಸ್ಥೆ ಮಾಡಿದರು. ಮಂಕಿ ಐಲ್ಯಾಂಡ್‌ನ ಎರಡನೇ ಗೇಮಿನಲ್ಲಿ ಅದು ಮೊದಲು ಬಂತು. ಒಂದು ಊರಿನ ಬೇರೆ ಬೇರೆ ಮನೆಗಳಿಗೆ ಹೋದರೆ ಅದೇ ಧಾಟಿಗೆ ಬೇರೆ ವಾದ್ಯ ಸೇರಿಕೊಳ್ಳುತ್ತದೆ. ಹೊರಗೆ ಬಂದರೆ ಅದು ಮೆಲ್ಲಗೆ ಬಿಟ್ಟು ಮೂಲ ಧಾಟಿಗೆ ಬರುತ್ತದೆ, ಎಲ್ಲೂ ಕತ್ತರಿಸಿದ ಹಾಗೆ ಆಗುವುದಿಲ್ಲ. ನಿಮ್ಮ ತಿಹಾಯಿಯ ಕೆಲಸವೇ.

ತಮ್ಮಾ, ಇದನ್ನು ನೀನು ಸುಲಭವಾಗಿ ಮಾಡಬಹುದು. 2010ರ ರೆಡ್ ಡೆಡ್ ರಿಡೆಂಪ್ಶನ್‌ಗೆ ಸಂಗೀತ ಮಾಡಿದವರು ಬಹುತೇಕ ಎಲ್ಲವನ್ನೂ ಒಂದೇ ಶ್ರುತಿ, ಒಂದೇ ಲಯದಲ್ಲಿ ಬಾರಿಸಿದರು. ಎ ಮೈನರ್, ನಿಮಿಷಕ್ಕೆ 130 ಬಡಿತ. ಹಾಗಾಗಿ ಯಾವ ಪದರ ಯಾವಾಗ ಬಂದು ಸೇರಿದರೂ ಹೊಂದುತ್ತದೆ. ಕುದುರೆ ಹತ್ತಿದಾಗ ಒಂದು ಪದರ, ಗುಂಡು ಹಾರಿದಾಗ ಇನ್ನೊಂದು. ನೀನು ಮೂರೇ ಪದರ ಮಾಡು. ಒಂದು ಬರೀ ಸುರ್, ಅಂದರೆ ಎಳೆದು ಹಿಡಿದ ಒಂದೇ ಸ್ವರ, ಒಂದು ಲಯ, ಒಂದು ಧಾಟಿ. ಮೂರೂ ಒಂದೇ ಉದ್ದ. ಮೂರೂ ಒಟ್ಟಿಗೆ ಓಡುತ್ತಿರಲಿ, ಎರಡರ ವಾಲ್ಯೂಮ್ ಸೊನ್ನೆ ಇರಲಿ. ಹುಡುಗ ಮನೆಗೆ ಹತ್ತಿರವಾದಷ್ಟೂ ಒಂದೊಂದನ್ನೇ ಏರಿಸು. ಗೋಡೋ 4.3ರಿಂದ ಇದಕ್ಕೆ ಆಡಿಯೋಸ್ಟ್ರೀಮ್‌ಸಿಂಕ್ರೊನೈಸ್ಡ್ ಅಂತ ಒಂದು ಬಗೆಯೇ ಇದೆ, ಬೇರೆ ಸಾಫ್ಟ್‌ವೇರ್ ಬೇಡ. ಏರಿಸುವುದು ಮೂರು ನಾಲ್ಕು ಸೆಕೆಂಡ್ ತೆಗೆದುಕೊಳ್ಳಲಿ. ಗುಂಡಿ ಒತ್ತಿದ ಹಾಗೆ ಬಂದರೆ ಆಡುವವನಿಗೆ ಕೋಡ್ ಕಾಣಿಸಿಬಿಡುತ್ತದೆ.

ಬಾದಾಮಿ_ಬಿಸಿಲು

ಎಲ್ಲರೂ ಕಿವಿಯ ಬಗ್ಗೆ ಹೇಳಿದಿರಿ, ಒಪ್ಪುತ್ತೇನೆ. ಆದರೆ ಹಿನ್ನೀರ ಹುಡುಗ ಹಾಕಿದ ಎರಡು ಚಿತ್ರ ನೋಡಿದೆ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಗೆಳೆಯಾ, ನಿನ್ನ ಊರಿನಲ್ಲಿ ಮಂಜು ಯಾಕೆ ಇದೆ? ನೀಲಿ ಬಣ್ಣ ಯಾಕೆ? ಸಣ್ಣ ಮಳೆ ಬೇರೆ. ದುಃಖ ಅಂದರೆ ಮಳೆ, ನೀಲಿ, ಪಿಯಾನೋ ಅಂತ ನಮಗೆ ಯಾರು ಹೇಳಿಕೊಟ್ಟರು? ನಿನ್ನ ಗೋಡೆಗಳು ಮೇಲೆ ಬರುವುದೇ ನೀರು ಇಳಿದಾಗ. ಅಂದರೆ ಏಪ್ರಿಲ್, ಮೇ. ನಮ್ಮ ಕಡೆ ಆಗ 40 ಡಿಗ್ರಿ ಬಿಸಿಲು. ಮಧ್ಯಾಹ್ನ ಎರಡಕ್ಕೆ ಕಾಗೆ ಕೂಡ ಕೂಗುವುದಿಲ್ಲ. ಒಣಗಿದ ಕೆಸರು ಬಿರುಕು ಬಿಟ್ಟಿರುತ್ತದೆ, ದೂರದ ನೀರು ಕಣ್ಣು ಕುಕ್ಕುತ್ತದೆ, ನೆರಳು ಕಾಲ ಕೆಳಗೇ ಇರುತ್ತದೆ. ಆ ಬಿಸಿಲಲ್ಲಿ ಒಬ್ಬನೇ ನಿಂತು ಒಂದು ಹೊಸ್ತಿಲು ಹುಡುಕುವುದು ಎಷ್ಟು ಒಂಟಿತನ ಅಂತ ನೋಡು. ಮಳೆಯಲ್ಲಿ ಅದರ ಅರ್ಧವೂ ಇಲ್ಲ.

ಸೈಲೆಂಟ್ ಹಿಲ್ ನೋಡಿ ಮಂಜು ಹಾಕಿದ್ದೀಯ ಅನಿಸುತ್ತದೆ. 1999ರ ಆ ಗೇಮಿನಲ್ಲಿ ಮಂಜು ಬಂದದ್ದಕ್ಕೆ ಒಂದು ಕಾರಣ ಇತ್ತು. ಆಗಿನ ಪ್ಲೇಸ್ಟೇಷನ್‌ಗೆ ದೂರದ ಬೀದಿಯನ್ನು ಪರದೆಯ ಮೇಲೆ ತೋರಿಸುವ ತಾಕತ್ತು ಇರಲಿಲ್ಲ, ಅದನ್ನು ಮಂಜು ಮುಚ್ಚಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಕಣ್ಣಿಗೆ ಕಾಣದ ಮೇಲೆ ಕಿವಿಗೆ ಕೆಲಸ ಕೊಟ್ಟರು. ಹುಡುಗಿಯನ್ನು ಹುಡುಕುವ ಆ ಅಪ್ಪನ ಜೇಬಿನಲ್ಲಿ ಒಂದು ರೇಡಿಯೋ, ರಾಕ್ಷಸ ಹತ್ತಿರ ಬಂದರೆ ಅದು ಗರಗರ ಅನ್ನುತ್ತದೆ. ಮಂಜು ಮತ್ತು ಆ ಗರಗರ ಎರಡೂ ಸೇರಿ ಆ ಊರು ಆಯಿತು. ನಿನಗೆ ಆ ಕೊರತೆ ಇಲ್ಲ. ನಿನಗೆ ಇರುವುದು ಬಿಸಿಲು.

ಆದರೆ ರೇಡಿಯೋದ ಉಪಾಯ ನೀನು ತಿರುಗಿಸಿ ಬಳಸಬಹುದು. ಅಲ್ಲಿ ಸದ್ದು ದೂರ ಓಡು ಅನ್ನುತ್ತದೆ. ನಿನ್ನಲ್ಲಿ ಹತ್ತಿರ ಬಾ ಅನ್ನುವ ಒಂದು ಸದ್ದು ಇರಲಿ. ಅಜ್ಜಿಯ ಮನೆಯದೇ ಆದ ಸದ್ದು. ಅದು ಏನು ಅಂತ ನಿನಗೇ ಗೊತ್ತಿರಬೇಕು, ನಾವು ಹೇಳಲು ಆಗುವುದಿಲ್ಲ.

ಒಂದು ಎಚ್ಚರಿಕೆಯೂ ಇದೆ. ನಮ್ಮ ಜನ ಆಡುವುದು ಮೊಬೈಲಿನಲ್ಲಿ, ಬಸ್ಸಿನಲ್ಲಿ, ಎಷ್ಟೋ ಸಲ ಹೆಡ್‌ಫೋನ್ ಇಲ್ಲದೆ. ಫೋನಿನ ಸಣ್ಣ ಸ್ಪೀಕರಿಗೆ ಕೆಳಗಿನ ಸ್ವರ ಬರುವುದೇ ಇಲ್ಲ. ಹೆಡ್‌ಫೋನಿನಲ್ಲಿ ಗುಂ ಅನ್ನುವ ನಿನ್ನ ಸುರ್ ಅಲ್ಲಿ ಮಾಯ. ಅದಕ್ಕೆ ಅದೇ ಸ್ವರವನ್ನು ಒಂದು ಸಪ್ತಕ ಮೇಲೂ ಮೆಲ್ಲಗೆ ಸೇರಿಸು. ಗುಮ್ಮಟದಣ್ಣ ಹೇಳಿದ ಸೂರಿನ ಸದ್ದು ಚಂದ ಇದೆ, ಆದರೆ ಬಸ್ಸಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂತ ನನಗೆ ಅನುಮಾನ. ಅದರ ಜೊತೆ ಬೆಳಕೂ ಬದಲಾಗಲಿ. ಒಳಗೆ ಕಾಲಿಟ್ಟಾಗ ಬಿಸಿಲಿನ ಬಿಳುಪು ಸ್ವಲ್ಪ ಇಳಿಯಲಿ, ಕಣ್ಣು ನೆರಳಿಗೆ ಹೊಂದಿಕೊಂಡ ಹಾಗೆ.

ಗುಮ್ಮಟದ_ಕೆಳಗೆ, ವಿಜಯಪುರ

ಬಾದಾಮಿಯವರೇ, ಬಸ್ಸಿನ ಮಾತು ಒಪ್ಪಿದೆ. ಆದರೆ ಬಸ್ಸಿನಲ್ಲಿ ಆಡುವವನಿಗಾಗಿ ಮನೆಯಲ್ಲಿ ಕತ್ತಲೆಯಲ್ಲಿ ಕೂತು ಆಡುವವನ ಪಾಲು ಕಡಿಮೆ ಮಾಡಬಾರದು. ಎರಡೂ ಇರಲಿ. ಶುರುವಿನಲ್ಲಿ "ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ" ಅಂತ ಒಂದು ಸಾಲು ಹಾಕು ತಮ್ಮಾ. 2017ರ ಹೆಲ್‌ಬ್ಲೇಡ್ ಗೇಮ್ ಹಾಗೇ ಕೇಳಿಕೊಳ್ಳುತ್ತದೆ. ಅದರಲ್ಲಿ ನಾಯಕಿಯ ತಲೆಯೊಳಗಿನ ದನಿಗಳನ್ನು ಎರಡು ಕಿವಿ ಇರುವ ತಲೆಯಂಥ ಮೈಕಿನಿಂದ ಹಿಡಿದಿದ್ದಾರೆ, ಹಿಂದಿನಿಂದ ಯಾರೋ ಬಂದು ಕಿವಿಯಲ್ಲಿ ಮಾತಾಡಿದ ಹಾಗೆ ಆಗುತ್ತದೆ.

ಹಿನ್ನೀರ_ಹುಡುಗ, ಬಾಗಲಕೋಟೆ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದೆ.

ಮೊದಲು ಮಳೆ ತೆಗೆದೆ. ಮಂಜು ತೆಗೆದೆ. ಬಿಸಿಲು ಹಾಕಿದೆ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ನೀರಿನ ದಂಡೆಗೆ ಹೋಗಿ ಎರಡು ಗಂಟೆ ಕೂತು ರೆಕಾರ್ಡ್ ಮಾಡಿದೆ. ಬಾದಾಮಿಯಣ್ಣ ಹೇಳಿದ್ದು ನಿಜ, ಆ ಹೊತ್ತಿಗೆ ಏನೂ ಇಲ್ಲ ಅನಿಸುತ್ತದೆ. ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದಾಗ ಗೊತ್ತಾಯಿತು, ಎಲ್ಲೋ ಒಂದು ತಗಡು ಗಾಳಿಗೆ ಟಕ್ ಅನ್ನುತ್ತಿದೆ, ಸಣ್ಣ ಅಲೆ ಕಲ್ಲಿನ ಸಂದಿಯೊಳಗೆ ಹೋಗಿ ಬರುತ್ತಿದೆ, ತುಂಬಾ ದೂರದಲ್ಲಿ ಒಂದು ಟ್ರ್ಯಾಕ್ಟರ್. ಅದಷ್ಟನ್ನೂ ಹಾಕಿದೆ, 47 ಮತ್ತು 71ರ ಲೆಕ್ಕದಲ್ಲೇ.

ಅಜ್ಜಿಯ ಮನೆಯ ಸದ್ದು ಯಾವುದು ಅಂತ ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಅವ್ವನ್ನೇ ಕೇಳಿದೆ. ಅವ್ವ ಯೋಚನೆ ಕೂಡ ಮಾಡಲಿಲ್ಲ, "ನಿಮ್ಮ ಅಜ್ಜಿ ರೊಟ್ಟಿ ಬಡಿದರೆ ಮೂರು ಮನೆಗೆ ಕೇಳಿಸುತ್ತಿತ್ತು" ಅಂದಳು. ಶಾಲೆ ಬಿಟ್ಟು ಓಣಿ ತಿರುವಿಗೆ ಬಂದಾಗ ಆ ಸದ್ದು ಕೇಳಿಸಿದರೆ ಮನೆಯಲ್ಲಿ ಅಜ್ಜಿ ಇದ್ದಾಳೆ ಅಂತ. ನನಗೆ ಅದು ಪೂರ್ತಿ ಮರೆತಿತ್ತು. ಅವ್ವನ ಕೈಯಲ್ಲೇ ಬಡಿಸಿ ರೆಕಾರ್ಡ್ ಮಾಡಿದೆ. ಪಟ್ ಪಟ್ ಪಟ್, ನಡುವೆ ರೊಟ್ಟಿ ತಿರುಗಿಸುವಾಗ ಅಂಗೈ ಕಲ್ಲಿಗೆ ಸವರುವ ಸದ್ದು. ಅದಕ್ಕೆ ತನ್ನದೇ ಒಂದು ಲಯ ಇದೆ. ಅಳೆದು ನೋಡಿದೆ, ಅವ್ವ ನಾಲ್ಕು ರೊಟ್ಟಿಗೂ ಆ ಲಯ ಬಿಡಲಿಲ್ಲ.

ಈಗ ವಡಗಾವಿ ಅಕ್ಕ ಹೇಳಿದ ಲಯದ ಪದರ ಅದೇ. ಬೇರೆ ತಾಳ ಇಲ್ಲ. ಸುರ್ ಒಂದು ಪೇಟಿಯದು, ಪರಿಚಯದ ಭಜನಾ ಮಂಡಳಿಯವರು ಕಾಳಿ ಎರಡರಲ್ಲಿ, ಅಂದರೆ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ, ಹಿಡಿದುಕೊಟ್ಟರು, ಜೊತೆಗೆ ಮೇಲಿನ ಸಪ್ತಕದ್ದನ್ನೂ. ಧಾಟಿಯನ್ನು ನಾನೇ ಗುನುಗಿದ್ದೇನೆ. ಹುಡುಗ ದೂರ ಇದ್ದಾಗ ರೊಟ್ಟಿಯ ಸದ್ದು ಎಷ್ಟು ಸಣ್ಣದು ಅಂದರೆ ತಗಡಿನ ಸದ್ದೋ ಏನೋ ಅನಿಸುತ್ತದೆ. ತಪ್ಪು ಓಣಿಗೆ ಹೋದರೆ ಹೋಗಿಬಿಡುತ್ತದೆ. ಸರಿ ಓಣಿಗೆ ಬಂದರೆ ಮತ್ತೆ ಬರುತ್ತದೆ. ಹುಡುಗ ನಿಂತರೆ ಸುರ್ ಮಾತ್ರ ನಿಂತು ಕಾಯುತ್ತದೆ, ಮಾಸ್ತರ್ರು ಹೇಳಿದ ಹಾಗೆ.

ಮೊದಲು ಆಡಿದ ಅದೇ ಐದು ಜನಕ್ಕೆ ಮತ್ತೆ ಕೊಟ್ಟೆ. ಯಾರೂ ಸೌಂಡ್ ಬಂದ್ ಮಾಡಲಿಲ್ಲ. ಒಬ್ಬನಿಗೆ ದಾರಿ ತೋರಿಸುವ ಬಾಣದ ಗುರುತು ಬೇಕೇ ಆಗಲಿಲ್ಲ, ಅದನ್ನು ಈಗ ತೆಗೆದುಬಿಟ್ಟೆ. ಯಾವ ಊರಾದರೂ ಆಗಬಹುದಿತ್ತು ಅಂದಿದ್ದವನು ಮನೆಯೊಳಗೆ ಕಾಲಿಟ್ಟಾಗ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಸೂರಿನ ಸದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ ನಾನು ಕೇಳಲಿಲ್ಲ.

ಒಂದೇ ಕಡೆ ಇನ್ನೂ ಸರಿ ಬಂದಿಲ್ಲ. ಮನೆ ಸಿಕ್ಕ ಮೇಲೆ ರೊಟ್ಟಿಯ ಸದ್ದು ನಿಲ್ಲುತ್ತದೆ, ಪರದೆ ಕಪ್ಪಾಗುತ್ತದೆ. ಅಲ್ಲಿ ಏನೋ ಬೇಗ ಮುಗಿದ ಹಾಗೆ ಆಗುತ್ತದೆ. ಅಲ್ಲೊಂದು ಸಂಗೀತ ಹಾಕಲೇ ಅಂತ ಎರಡು ದಿನದಿಂದ ಯೋಚನೆ.

ಪೇಟಿ_ಮಾಸ್ತರ, ಗೋಕಾಕ ಕಡೆ

ಹಾಕಬೇಡ ತಮ್ಮಾ. ರೊಟ್ಟಿ ಬಡಿಯುವುದು ನಿಂತ ಮೇಲೆ ಮನೆಯಲ್ಲಿ ಏನು ಸದ್ದು ಬರುತ್ತದೆ ನೆನಪು ಮಾಡಿಕೋ. ರೊಟ್ಟಿ ಹಂಚಿನ ಮೇಲೆ ಬೀಳುತ್ತದೆ. ಆಮೇಲೆ ಅದರ ಮೇಲೆ ನೀರು ಸವರುತ್ತಾರೆ, ಚುಯ್ ಅನ್ನುತ್ತದೆ. ಅದು ಬಂದು ಆರಲಿ, ಆಮೇಲೆ ಪರದೆ ಮುಚ್ಚು.

ಹಿನ್ನೀರ_ಹುಡುಗ, ಬಾಗಲಕೋಟೆ

ಮಾಸ್ತರ್ರೇ, ಆ ಸದ್ದು ನಾನು ಹಿಡಿದೇ ಇಲ್ಲ. ಬಡಿಯುವುದು ಮುಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿಬಿಟ್ಟಿದ್ದೆ. ನಾಳೆ ಬೆಳಿಗ್ಗೆ ಅವ್ವ ಒಲೆ ಹಚ್ಚುವ ಮೊದಲೇ ಎದ್ದು ಅಡುಗೆಮನೆಯಲ್ಲಿ ಕೂರುತ್ತೇನೆ.